ಪೈಲಟ್ ಆಗಬೇಕಾ? ಫ್ಲೈಯಿಂಗ್ ಸ್ಕೂಲ್ ಹುಡುಕುವ ಮೊದಲು ಮನೆ ಲೆಕ್ಕ ಹಾಕಿ

ಸೆಕೆಂಡ್ ಪಿಯುಸಿ ರಿಸಲ್ಟ್ ಬಂದ ವಾರ ನಮ್ಮ ಚಿಕ್ಕಬಳ್ಳಾಪುರದ ಕಡೆ ಒಂದು ಪ್ರಶ್ನೆ ಬಂದೇ ಬರುತ್ತದೆ. "ಮಗನಿಗೆ ಪೈಲಟ್ ಆಗಬೇಕಂತೆ, ಯಾವ ಸ್ಕೂಲ್ ಒಳ್ಳೇದು?" 2008ರಲ್ಲಿ ದೇವನಹಳ್ಳಿಯಲ್ಲಿ ಏರ್‌ಪೋರ್ಟ್ ಶುರುವಾಯಿತಲ್ಲ, ಆ ಸುಮಾರಿಗೆ ಹುಟ್ಟಿ ತಲೆಯ ಮೇಲೆ ವಿಮಾನ ನೋಡಿಕೊಂಡೇ ಬೆಳೆದ ಮಕ್ಕಳು ಇವರು, ಆಸೆ ಹುಟ್ಟುವುದು ಸಹಜ. ಆದರೆ ಅದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ ಇದೆ. ಲೈಸೆನ್ಸ್ ಕೈಗೆ ಬಂದ ಮೇಲೆ ಕೆಲಸ ಸಿಗದೆ ಒಂದೂವರೆ ವರ್ಷ ಮನೆಯಲ್ಲೇ ಕೂರಬೇಕಾಗಿ ಬಂದರೆ ಸಾಲದ ಕಂತು ಕಟ್ಟುವವರು ಯಾರು? ಇದಕ್ಕೆ ಉತ್ತರ ಗೊತ್ತಾದರೆ ಯಾವ ದಾರಿ ಹಿಡಿಯಬೇಕು ಅನ್ನುವುದು ಅರ್ಧ ಇತ್ಯರ್ಥ ಆದ ಹಾಗೆ.

ನಮ್ಮಣ್ಣನ ಮಗಳ ಜೊತೆ ಈ ಓಡಾಟವನ್ನೆಲ್ಲ ನಾನೂ ಮಾಡಿದ್ದೇನೆ. ತಿಳಿದಷ್ಟು ಬರೆಯುತ್ತೇನೆ.

ಮೊದಲಿಗೆ ಒಂದು ಗೊಂದಲ ಕಳೆಯಬೇಕು. ಬೆಂಗಳೂರಿನಲ್ಲಿ ಬಿಬಿಎ ಏವಿಯೇಷನ್, ಡಿಪ್ಲೊಮಾ ಇನ್ ಏವಿಯೇಷನ್ ಅಂತ ಕೋರ್ಸ್‌ಗಳು ರಾಶಿ ಇವೆ. ಪೋಸ್ಟರ್ ಮೇಲೆ ಪೈಲಟ್ ಟೋಪಿ ಹಾಕಿದವರ ಫೋಟೋನೇ ಇರುತ್ತದೆ. ಅವು ಏರ್‌ಪೋರ್ಟ್ ಗ್ರೌಂಡ್ ಸ್ಟಾಫ್, ಟಿಕೆಟಿಂಗ್, ಕಾರ್ಗೋ ಕೆಲಸಕ್ಕೆ ಓದುವವು. ಪೈಲಟ್ ಆಗಲು ಬೇಕಾದದ್ದು ಸಿಪಿಎಲ್, ಅಂದರೆ ಕಮರ್ಷಿಯಲ್ ಪೈಲಟ್ ಲೈಸೆನ್ಸ್. ಅದನ್ನು ಕೊಡುವುದು ಕೇಂದ್ರ ಸರ್ಕಾರದ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎ ಮಾತ್ರ. ಡಿಗ್ರಿ ಇರಲೇಬೇಕೆಂದಿಲ್ಲ. ವಯಸ್ಸು 18 ತುಂಬಿರಬೇಕು, ಪಿಯುಸಿಯಲ್ಲಿ ಫಿಸಿಕ್ಸ್ ಮತ್ತು ಮ್ಯಾಥ್ಸ್ ಪಾಸಾಗಿರಬೇಕು, 200 ಗಂಟೆ ಹಾರಾಟ ಮುಗಿಸಿರಬೇಕು, ಥಿಯರಿ ಪರೀಕ್ಷೆಗಳು ಮತ್ತು ಮೆಡಿಕಲ್ ಪಾಸಾಗಬೇಕು. ಕಾಮರ್ಸ್ ಓದಿದವರು ಕೇಂದ್ರದ ಮುಕ್ತ ಶಾಲೆ ಎನ್‌ಐಒಎಸ್‌ನಲ್ಲಿ ಆ ಎರಡು ವಿಷಯ ಮಾತ್ರ ಕಟ್ಟಿ ಪಾಸ್ ಮಾಡಿಕೊಂಡು ಬರುವುದುಂಟು.

ಒಂದು ರೂಪಾಯಿ ಕಟ್ಟುವ ಮೊದಲು ಮೆಡಿಕಲ್

ಇದನ್ನು ಎಷ್ಟು ಸಲ ಹೇಳಿದರೂ ಜನ ಕೇಳುವುದಿಲ್ಲ. ಮೊದಲು ಅಡ್ವಾನ್ಸ್ ಕಟ್ಟುತ್ತಾರೆ, ಆಮೇಲೆ ಡಾಕ್ಟರ್ ಹತ್ತಿರ ಹೋಗುತ್ತಾರೆ. ದಯವಿಟ್ಟು ಬೇಡ.

ಎಲ್ಲಕ್ಕಿಂತ ಮೊದಲು ಊರಿನ ಕಣ್ಣಿನ ಡಾಕ್ಟರ್ ಹತ್ತಿರ ಬಣ್ಣದ ಟೆಸ್ಟ್ ಮಾಡಿಸಿ. ಬಣ್ಣದ ಚುಕ್ಕೆಗಳ ನಡುವೆ ಅಂಕಿ ಬರೆದಿರುವ ಹಾಳೆ ತೋರಿಸುತ್ತಾರಲ್ಲ, ಅದೇ ಇಶಿಹಾರ ಟೆಸ್ಟ್. ಕೆಂಪು ಹಸಿರು ಗುರುತಿಸುವಲ್ಲಿ ತೊಂದರೆ ಇದ್ದರೆ ಏರ್‌ಲೈನ್ ದಾರಿ ಬಹುಮಟ್ಟಿಗೆ ಅಲ್ಲಿಗೇ ಮುಗಿಯುತ್ತದೆ. ಇದು ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಲ್ಲಿ ಜಾಸ್ತಿ, ಹುಟ್ಟಿನಿಂದಲೇ ಬಂದಿರುತ್ತದೆ, ಎಷ್ಟೋ ಮನೆಗಳಲ್ಲಿ 18 ವರ್ಷವಾದರೂ ಯಾರಿಗೂ ಗೊತ್ತೇ ಆಗಿರುವುದಿಲ್ಲ. ತೋಟದಲ್ಲಿ ಟೊಮೆಟೊ ಕಾಯಿ, ಹಣ್ಣು ಬೇರೆ ಮಾಡುವಾಗ ಹುಡುಗ ತಡವರಿಸುತ್ತಿದ್ದರೆ ಸೋಮಾರಿ ಅಂತ ಬೈಯುವ ಮುಂಚೆ ಕಣ್ಣು ತೋರಿಸಿ. ಕನ್ನಡಕ ಇದ್ದರೆ ಮಾತ್ರ ಹೆದರಬೇಡಿ. ಕನ್ನಡಕ ಹಾಕಿದಾಗ ದೃಷ್ಟಿ ಸರಿಹೋಗುತ್ತಿದ್ದರೆ ಸಾಮಾನ್ಯವಾಗಿ ತೊಂದರೆ ಆಗುವುದಿಲ್ಲ.

ಆಮೇಲೆ ಕ್ಲಾಸ್ 2 ಮೆಡಿಕಲ್, ಅಂದರೆ ಮೊದಲ ಹಂತದ ತಪಾಸಣೆ. ಡಿಜಿಸಿಎ ಪಟ್ಟಿಯಲ್ಲಿರುವ ಡಾಕ್ಟರ್‌ಗಳು ಬೆಂಗಳೂರಿನಲ್ಲೇ ಇದ್ದಾರೆ. ಇಸಿಜಿ, ರಕ್ತ, ಮೂತ್ರ, ಎಕ್ಸ್‌ರೇ, ಕಿವಿ, ಕಣ್ಣು ಎಲ್ಲ ನೋಡುತ್ತಾರೆ. ಅದು ಆದ ಮೇಲೆ ಕ್ಲಾಸ್ 1. ಸಿಪಿಎಲ್‌ಗೆ ಇದೇ ಬೇಕು. ಹಳೇ ಏರ್‌ಪೋರ್ಟ್ ರಸ್ತೆಯ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್‌ನಲ್ಲೂ ಮಾಡುತ್ತಾರೆ, ನಮ್ಮ ಕಡೆಯವರಿಗೆ ದೆಹಲಿವರೆಗೆ ಓಡುವುದು ತಪ್ಪುತ್ತದೆ. ತೂಕ, ಬಿಪಿ, ಮೂಗಿನ ಒಳಗೋಡೆ ಸೊಟ್ಟ ಇರುವುದು, ಇಂಥ ಕಾರಣಕ್ಕೆ ಟೆಂಪರರಿ ಅನ್‌ಫಿಟ್ ಅಂತ ಬರೆದು ಕಳಿಸುವುದುಂಟು. ಅದಕ್ಕೆ ಗಾಬರಿ ಬೇಡ, ಸರಿ ಮಾಡಿಕೊಂಡು ಮತ್ತೆ ಹೋಗಬಹುದು. ಆದರೆ ತಿಂಗಳುಗಳು ಹೋಗುತ್ತವೆ. ಫೀಸ್ ಕಟ್ಟಿದ ಮೇಲೆ ಆ ತಿಂಗಳುಗಳು ಹೋದರೆ ಹೊಟ್ಟೆ ಉರಿಯುತ್ತದೆ, ಮೊದಲೇ ಹೋದರೆ ಅಷ್ಟಿಲ್ಲ.

ದಾಖಲೆಯಲ್ಲಿ ಹೆಸರು

ನಮ್ಮ ರಾಜ್ಯದವರಿಗೆ ಇದೊಂದು ದೊಡ್ಡ ತಲೆನೋವು. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್‌ನಲ್ಲಿ ಹೆಸರಿನ ಮುಂದೆ ಅಥವಾ ಹಿಂದೆ ಇನಿಷಿಯಲ್ ಇರುತ್ತದೆ. ಆಧಾರ್‌ನಲ್ಲಿ ಅಪ್ಪನ ಹೆಸರು ಪೂರ್ತಿ ಇರುತ್ತದೆ. ಪಾಸ್‌ಪೋರ್ಟ್‌ನಲ್ಲಿ ಊರಿನ ಹೆಸರು ಸರ್‌ನೇಮ್ ಆಗಿ ಕೂತಿರುತ್ತದೆ. ಡಿಜಿಸಿಎ ಪರೀಕ್ಷೆ ಬರೆಯಲು ಕಂಪ್ಯೂಟರ್ ನಂಬರ್, ಅಂದರೆ ಪರೀಕ್ಷೆಯ ನೋಂದಣಿ ಸಂಖ್ಯೆ ತೆಗೆದುಕೊಳ್ಳಬೇಕು. ಅದಕ್ಕೆ ಮಾರ್ಕ್ಸ್ ಕಾರ್ಡ್ ಬೋರ್ಡ್‌ನಿಂದ ವೆರಿಫೈ ಆಗಬೇಕು, ಹೆಸರು, ಹುಟ್ಟಿದ ದಿನ ಎಲ್ಲ ತಾಳೆ ಆಗಬೇಕು. ಪಿಯುಸಿ ಮುಗಿದ ರಜೆಯಲ್ಲೇ ಇದನ್ನೆಲ್ಲ ಸರಿ ಮಾಡಿಸಿಕೊಂಡುಬಿಡಿ. ಪಾಸ್‌ಪೋರ್ಟ್ ಇಲ್ಲದಿದ್ದರೆ ಅದನ್ನೂ ಮಾಡಿಸಿ, ಮುಂದೆ ಹೇಗೂ ಬೇಕಾಗುತ್ತದೆ.

ಥಿಯರಿ ಮೊದಲು ಓದಿ

ಏರ್ ನ್ಯಾವಿಗೇಷನ್, ಮೆಟಿಯರಾಲಜಿ (ಹವಾಮಾನ), ಏರ್ ರೆಗ್ಯುಲೇಷನ್ಸ್, ಟೆಕ್ನಿಕಲ್ ಜನರಲ್, ಟೆಕ್ನಿಕಲ್ ಸ್ಪೆಸಿಫಿಕ್, ಇವು ಡಿಜಿಸಿಎ ಪೇಪರ್‌ಗಳು. ಒಂದೊಂದರಲ್ಲೂ 70 ಪರ್ಸೆಂಟ್ ತೆಗೆಯಬೇಕು. ಮೂವತ್ತರ ಆಸುಪಾಸು ಬಂದರೆ ಪಾಸು ಅಂತ ಅಭ್ಯಾಸ ಆದವರಿಗೆ ಮೊದಲ ಪೇಪರ್‌ನಲ್ಲಿ ಶಾಕ್ ಹೊಡೆಯುವುದು ಇಲ್ಲೇ. ಇದರ ಜೊತೆಗೆ ರೇಡಿಯೋದಲ್ಲಿ ಮಾತಾಡುವುದಕ್ಕೆ ಆರ್‌ಟಿಆರ್ ಪರೀಕ್ಷೆ. ಅದು ಹಿಂದೆ ಟೆಲಿಕಾಂ ಇಲಾಖೆಯ ಕೈಯಲ್ಲಿತ್ತು, 2024ರ ಹೊಸ ವಿಮಾನಯಾನ ಕಾಯ್ದೆ ಬಂದ ಮೇಲೆ ಡಿಜಿಸಿಎಗೆ ಹೋಯಿತು.

ನನ್ನ ಸಲಹೆ ಏನೆಂದರೆ, ಫ್ಲೈಯಿಂಗ್ ಸ್ಕೂಲ್ ಸೇರುವ ಮೊದಲೇ ಇವುಗಳಲ್ಲಿ ಮುಖ್ಯವಾದ ಮೂರು ಪೇಪರ್ ಆದರೂ ಪಾಸ್ ಮಾಡಿಕೊಳ್ಳಿ, ನ್ಯಾವಿಗೇಷನ್, ಮೆಟ್, ರೆಗ್ಯುಲೇಷನ್ಸ್. ಬೆಂಗಳೂರಿನಲ್ಲಿ ಗ್ರೌಂಡ್ ಕ್ಲಾಸ್ ಇವೆ, ಆನ್‌ಲೈನ್ ಕೂಡ ಇವೆ. ಎರಡು ಲಾಭ. ಒಂದು, ಓದಲು ಆಗುತ್ತದೋ ಇಲ್ಲವೋ ಅನ್ನುವುದು ಒಂದೆರಡು ಲಕ್ಷದಲ್ಲೇ ಗೊತ್ತಾಗಿಹೋಗುತ್ತದೆ, ಐವತ್ತು ಲಕ್ಷ ಸುರಿದ ಮೇಲಲ್ಲ. ಇನ್ನೊಂದು, ಏರ್‌ಫೀಲ್ಡ್‌ಗೆ ಹೋದ ಮೇಲೆ ಹಾರುವುದೊಂದೇ ಕೆಲಸ. ಪೇಪರ್ ಬಾಕಿ ಇದೆ ಅಂತ ಹಾಸ್ಟೆಲ್‌ನಲ್ಲಿ ಕೂತು ಓದುತ್ತಿರುವಾಗ ನಿಮ್ಮ ವಿಮಾನದಲ್ಲಿ ಇನ್ನೊಬ್ಬರು ಹಾರುತ್ತಿರುತ್ತಾರೆ.

ಕನ್ನಡ ಮೀಡಿಯಂ ಮಕ್ಕಳು ಇಂಗ್ಲಿಷ್ ಅಂದ ತಕ್ಷಣ ಹಿಂದೆ ಸರಿಯುತ್ತಾರೆ. ಪಾವಗಡದಲ್ಲೋ ಬಾಗೇಪಲ್ಲಿಯಲ್ಲೋ ಸರ್ಕಾರಿ ಶಾಲೆಯಲ್ಲಿ ಓದಿದವರಿಗೂ ಇದು ಆಗುವ ಮಾತೇ. ರೇಡಿಯೋ ಭಾಷೆ ಕಟ್ಟಿಟ್ಟ ಭಾಷೆ. ರೋಜರ್, ವಿಲ್ಕೋ, ಅಫರ್ಮ್, ಸೇ ಅಗೇನ್, ಹೀಗೆ ನಿಗದಿಯಾದ ಪದಗಳು ನಿಗದಿಯಾದ ಜಾಗದಲ್ಲಿ ಬರುತ್ತವೆ. ಕೇಳಿ ಕೇಳಿ ಹೇಳಿ ಹೇಳಿ ಬಂದುಬಿಡುತ್ತದೆ. ಲೈಸೆನ್ಸ್‌ಗೆ ಇಂಗ್ಲಿಷ್‌ನಲ್ಲಿ ಲೆವೆಲ್ 4 ಬೇಕು. ಅಲ್ಲಿ ನೋಡುವುದು ಸ್ಪಷ್ಟವಾಗಿ ಹೇಳುತ್ತೀರಾ, ಎದುರಿನವರದ್ದು ಅರ್ಥವಾಗುತ್ತದಾ ಅಂತ, ಸ್ಟೈಲ್ ಯಾರಿಗೂ ಬೇಡ. ಮೆಟಿಯರಾಲಜಿಯಲ್ಲಿ ಬರುವ ರೇಡಿಯೇಷನ್ ಫಾಗ್, ಅಂದರೆ ರಾತ್ರಿ ನೆಲ ತಣ್ಣಗಾಗಿ ಕಟ್ಟುವ ಮಂಜು ಅಂತೂ ನಮಗೆ ಪುಸ್ತಕ ಇಲ್ಲದೇ ಗೊತ್ತು. ಡಿಸೆಂಬರ್, ಜನವರಿಯ ಬೆಳಗಿನ ಜಾವ ದೇವನಹಳ್ಳಿ ರನ್‌ವೇ ಕಾಣದೆ ವಿಮಾನಗಳು ತಡವಾಗುವುದು ಅದರಿಂದಲೇ.

ಈಗ ದಾರಿಗಳು

ಒಂದನೆಯದು, ದೇಶದೊಳಗೇ ಫ್ಲೈಯಿಂಗ್ ಸ್ಕೂಲ್ ಸೇರಿ ಸಿಪಿಎಲ್ ಮಾಡಿ, ಆಮೇಲೆ ಸ್ವಂತವಾಗಿ ಕೆಲಸ ಹುಡುಕುವುದು. ಹೆಚ್ಚಿನವರು ಹೋಗುವುದು ಇದರಲ್ಲೇ. ಈಗಿನ ಮಟ್ಟಿಗೆ ಊಟ, ಹಾಸ್ಟೆಲ್ ಎಲ್ಲ ಸೇರಿ 50ರಿಂದ 70 ಲಕ್ಷ ಇಟ್ಟುಕೊಳ್ಳಿ. ಹತ್ತಿರದಲ್ಲಿ ನೋಡಿದರೆ ಜಕ್ಕೂರಿನಲ್ಲಿ ರಾಜ್ಯ ಸರ್ಕಾರದ ಫ್ಲೈಯಿಂಗ್ ಶಾಲೆ ಇದೆ, ನಮ್ಮಲ್ಲಿಂದ ಬಸ್ಸಿನಲ್ಲಿ ಹೋಗಿ ಬರುವ ದೂರ. ಕಲಬುರಗಿ, ಬೆಳಗಾವಿ ಏರ್‌ಪೋರ್ಟ್‌ಗಳಲ್ಲೂ ತರಬೇತಿಗೆ ಜಾಗ ಕೊಟ್ಟಿದ್ದಾರೆ. ಉತ್ತರ ಪ್ರದೇಶದ ಫುರ್ಸತ್‌ಗಂಜ್‌ನಲ್ಲಿ ಕೇಂದ್ರ ಸರ್ಕಾರದ ಫ್ಲೈಯಿಂಗ್ ಶಾಲೆ ಇಗ್ರುವಾ ಇದೆ, ಅದಕ್ಕೆ ಎಂಟ್ರೆನ್ಸ್ ಪರೀಕ್ಷೆ ಬರೆಯಬೇಕು. ಹತ್ತಿರ ಅನ್ನುವ ಒಂದೇ ಕಾರಣಕ್ಕೆ ಸೇರಬೇಡಿ. ಬೆಂಗಳೂರಿನ ಸುತ್ತ ಆಕಾಶ ಬಿಗಿ, ಒಂದು ಕಡೆ ಯಲಹಂಕ ವಾಯುನೆಲೆ, ಒಂದು ಕಡೆ ದೊಡ್ಡ ಏರ್‌ಪೋರ್ಟ್. ಬೆಳಗಾವಿಯಲ್ಲಿ ಮಳೆಗಾಲ ಜೋರು. ಒಣ ಹವೆಯ ಊರಿನಲ್ಲಿ ಹಾರುವ ದಿನಗಳು ಜಾಸ್ತಿ ಸಿಗುತ್ತವೆ.

ಎರಡನೆಯದು ಏರ್‌ಲೈನ್‌ನ ಕೆಡೆಟ್ ಪ್ರೋಗ್ರಾಂ. ಇಂಡಿಗೋ, ಏರ್ ಇಂಡಿಯಾದಂಥವು ನಡೆಸುತ್ತವೆ. ಮೊದಲೇ ಪರೀಕ್ಷೆ, ಸಂದರ್ಶನ ಮಾಡಿ ಆರಿಸಿಕೊಂಡು, ತರಬೇತಿ ಮಾಡಿಸಿ, ಟೈಪ್ ರೇಟಿಂಗ್ (ಒಂದು ನಿರ್ದಿಷ್ಟ ವಿಮಾನಕ್ಕೆ ಮಾಡುವ ತರಬೇತಿ) ತನಕ ಕರೆದುಕೊಂಡು ಹೋಗುತ್ತಾರೆ. ಖರ್ಚು ಸುಮಾರಾಗಿ ಕೋಟಿ ದಾಟುತ್ತದೆ. ದುಬಾರಿ ಅನ್ನಿಸುತ್ತದೆ, ಆದರೆ ಒಂದನೆಯ ದಾರಿಯ ಮೊತ್ತಕ್ಕೆ ಟೈಪ್ ರೇಟಿಂಗ್ ಸೇರಿಸಿ, ಕಾಯುವ ವರ್ಷದ ಬಡ್ಡಿ ಸೇರಿಸಿ ನೋಡಿದರೆ ವ್ಯತ್ಯಾಸ ಅಂದುಕೊಂಡಷ್ಟು ಇರುವುದಿಲ್ಲ. ಒಂದೇ ಮಾತು, ಅವರು ಕೊಡುವ ಪತ್ರದಲ್ಲಿ ಷರತ್ತುಗಳು ಇರುತ್ತವೆ. ಓದಿ. ಇಂಗ್ಲಿಷ್ ಬರುವ ವಕೀಲರಿಂದ ಓದಿಸಿ. ಕಂಪನಿಯ ಅಗತ್ಯ ಕಡಿಮೆಯಾದರೆ ಏನು, ತರಬೇತಿ ತಡವಾದರೆ ಏನು, ನಡುವೆ ಬಿಟ್ಟರೆ ಎಷ್ಟು ವಾಪಸ್, ಈ ಮೂರಕ್ಕೆ ಉತ್ತರ ಹುಡುಕಿ. ಆಯ್ಕೆ ಆಗದಿದ್ದರೂ ನಷ್ಟವಿಲ್ಲ, ಮಗುವಿನ ಯೋಗ್ಯತೆ ಎಷ್ಟಿದೆ ಅಂತ ಹೊರಗಿನವರೊಬ್ಬರು ಹೇಳಿದಂತಾಗುತ್ತದೆ.

ಮೂರನೆಯದು ವಿದೇಶ. ಅಮೆರಿಕ, ದಕ್ಷಿಣ ಆಫ್ರಿಕಾ, ನ್ಯೂಜಿಲೆಂಡ್ ಕಡೆ ಹೋಗುತ್ತಾರೆ. ಅಲ್ಲಿ ವಿಮಾನ, ಇನ್‌ಸ್ಟ್ರಕ್ಟರ್ ಸಿಗುವುದು ಸಲೀಸು, ಬೇಗ ಮುಗಿಯುತ್ತದೆ. ಆದರೆ ವಾಪಸ್ ಬಂದ ಮೇಲೆ ಆ ಲೈಸೆನ್ಸ್ ಹಿಡಿದು ಇಲ್ಲಿ ಕೆಲಸ ಮಾಡಲು ಆಗುವುದಿಲ್ಲ. ಡಿಜಿಸಿಎ ಲೈಸೆನ್ಸ್‌ಗೆ ಕನ್ವರ್ಟ್ ಮಾಡಿಸಬೇಕು, ಇಲ್ಲಿನ ಪರೀಕ್ಷೆ ಬರೆಯಬೇಕು, ಆರ್‌ಟಿಆರ್ ಬೇಕು, ಇಲ್ಲಿನ ಕ್ಲಾಸ್ 1 ಮೆಡಿಕಲ್ ಬೇಕು. ಹೋಗುವ ಮೊದಲು ಇಲ್ಲಿನ ಲೆಕ್ಕ ತಲೆಯಲ್ಲಿರಲಿ. 200ರಲ್ಲಿ 100 ಗಂಟೆ ಪೈಲಟ್ ಇನ್ ಕಮಾಂಡ್ (ವಿಮಾನದ ಹೊಣೆ ಹೊತ್ತ ಪೈಲಟ್) ಆಗಿ ಹಾರಿರಬೇಕು, ಕನಿಷ್ಠ 300 ನಾಟಿಕಲ್ ಮೈಲಿಯ, ಅಂದರೆ ಸುಮಾರು 555 ಕಿಲೋಮೀಟರ್‌ನ ಒಂದು ಕ್ರಾಸ್ ಕಂಟ್ರಿ (ಊರಿಂದೂರಿಗೆ ಹಾರಾಟ) ಇರಬೇಕು, ರಾತ್ರಿ ಹಾರಾಟ ಇರಬೇಕು. ಅಲ್ಲಿಯ ನಿಯಮಕ್ಕೆ ಸಾಕಾಗಿ ಇಲ್ಲಿಯದಕ್ಕೆ ಕಡಿಮೆಯಾದರೆ ಬಂದ ಮೇಲೆ ಮತ್ತೆ ದುಡ್ಡು ಕೊಟ್ಟು ಹಾರಬೇಕಾಗುತ್ತದೆ. ಡಾಲರ್ ಬೆಲೆ ಏರಿದರೆ ನಿಮ್ಮ ಫೀಸೂ ಏರುತ್ತದೆ ಅನ್ನುವುದನ್ನು ಏಜೆಂಟ್ ಹೇಳುವುದಿಲ್ಲ. ಹೊರಗೆ ಹಣ ಕಳಿಸುವಾಗ ಬ್ಯಾಂಕ್ ಹಿಡಿದುಕೊಳ್ಳುವ ತೆರಿಗೆ, ಅಂದರೆ ಟಿಸಿಎಸ್ ಬಗ್ಗೆ ಆಡಿಟರ್ ಹತ್ತಿರ ಒಂದು ಮಾತು ಕೇಳಿ.

ನಾಲ್ಕನೆಯದನ್ನು ನಮ್ಮ ಕಡೆ ಯಾರೂ ಯೋಚಿಸುವುದೇ ಇಲ್ಲ: ವಾಯುಪಡೆ. ಫೀಸ್ ಇಲ್ಲ, ಸಂಬಳ ಅವರೇ ಕೊಡುತ್ತಾರೆ. ಪಿಯುಸಿ ಆದ ಮೇಲೆ ಎನ್‌ಡಿಎ, ಯುಪಿಎಸ್‌ಸಿ ವರ್ಷಕ್ಕೆ ಎರಡು ಸಲ ನಡೆಸುತ್ತದೆ, ಈಗ ಹೆಣ್ಣುಮಕ್ಕಳೂ ಬರೆಯಬಹುದು. ಡಿಗ್ರಿ ಆದ ಮೇಲೆ ವಾಯುಪಡೆಯದೇ ಪರೀಕ್ಷೆ ಆಫ್‌ಕ್ಯಾಟ್. ಸಂದರ್ಶನದ ಕೇಂದ್ರ ಮೈಸೂರಿನಲ್ಲೂ ಇದೆ. ಅಲ್ಲಿ ಪೈಲಟ್ ಆಯ್ಕೆಗೆ ಒಂದು ಕಂಪ್ಯೂಟರ್ ಟೆಸ್ಟ್ ಇರುತ್ತದೆ, ಜೀವನದಲ್ಲಿ ಒಂದೇ ಅವಕಾಶ, ಫೇಲಾದರೆ ಮತ್ತೆ ಕೊಡುವುದಿಲ್ಲ, ಹಾಗಾಗಿ ಸುಮ್ನೆ ನೋಡಿ ಬರೋಣ ಅಂತ ಹೋಗಬೇಡಿ. ಆದರೆ ಇದನ್ನು ಏರ್‌ಲೈನ್‌ಗೆ ಅಡ್ಡದಾರಿ ಅಂದುಕೊಳ್ಳುವುದೂ ತಪ್ಪು. ಶಾರ್ಟ್ ಸರ್ವಿಸ್‌ನಲ್ಲೇ (ಸೀಮಿತ ಅವಧಿಯ ಸೇವೆ) ಫ್ಲೈಯಿಂಗ್ ಬ್ರಾಂಚ್‌ಗೆ 14 ವರ್ಷ. ಸೈನ್ಯದ ಬದುಕು ಬೇಕು ಅನ್ನುವವರಿಗೆ ಮಾತ್ರ.

ಶಾಲೆ ನೋಡಲು ಹೋದಾಗ

ಡಿಜಿಸಿಎ ವೆಬ್‌ಸೈಟ್‌ನಲ್ಲಿ ಅನುಮತಿ ಪಡೆದ ಶಾಲೆಗಳ ಪಟ್ಟಿ ಇದೆ. 2025ರಿಂದ ಶಾಲೆಗಳಿಗೆ ಶ್ರೇಣಿಯನ್ನೂ ಕೊಡುತ್ತಿದ್ದಾರೆ. ಅದನ್ನು ನೋಡಿ, ಆದರೆ ಅದೊಂದನ್ನೇ ನಂಬಿ ಕೂರಬೇಡಿ. ಬೆಂಗಳೂರಿನ ಆಫೀಸಿಗೆ ಹೋಗಿ ಎಸಿ ರೂಮಿನಲ್ಲಿ ಕೂತು ವಿಡಿಯೋ ನೋಡಿ ಬಂದರೆ ಏನೂ ಗೊತ್ತಾಗುವುದಿಲ್ಲ, ಏರ್‌ಫೀಲ್ಡ್‌ಗೇ ಹೋಗಬೇಕು, ಅದೂ ಮೋಡವಿಲ್ಲದ ಒಂದು ವಾರದ ದಿನ ಬೆಳಿಗ್ಗೆ. ಎಷ್ಟು ವಿಮಾನ ಮೇಲಿವೆ, ಎಷ್ಟು ಹ್ಯಾಂಗರ್‌ನಲ್ಲಿ ಇಂಜಿನ್ ಬಿಚ್ಚಿಕೊಂಡು ನಿಂತಿವೆ, ಎಣಿಸಿ. ಆಮೇಲೆ ಗೇಟಿನ ಹೊರಗಿನ ಟೀ ಅಂಗಡಿಗೆ ಬನ್ನಿ. ಅಲ್ಲಿ ವಿದ್ಯಾರ್ಥಿಗಳು ಸಿಗುತ್ತಾರೆ.

ಅವರಿಗೆ ಒಂದೇ ಪ್ರಶ್ನೆ ಕೇಳಿ: "ಹೋದ ತಿಂಗಳು ಎಷ್ಟು ಅವರ್ಸ್ ಹಾರಿದೆಯಪ್ಪಾ?" ತಿಂಗಳಿಗೆ 15 ಗಂಟೆ ಅಂದರೆ 200 ಗಂಟೆ ಒಂದು ವರ್ಷದ ಮೇಲೆ ಸ್ವಲ್ಪದರಲ್ಲಿ ಮುಗಿಯುತ್ತದೆ. 5 ಗಂಟೆ ಅಂದರೆ 40 ತಿಂಗಳು. ಬ್ರೋಷರ್‌ನಲ್ಲಿ ಎರಡಕ್ಕೂ ಒಂದೇ ಅವಧಿ ಬರೆದಿರುತ್ತಾರೆ. ಇನ್‌ಸ್ಟ್ರಕ್ಟರ್ ಬಿಟ್ಟುಹೋದರು, ಬಿಡಿಭಾಗ ಬರಲಿಲ್ಲ, ಮಳೆ, ಮಂಜು, ರನ್‌ವೇ ರಿಪೇರಿ, ಕಾರಣಕ್ಕೇನು ಬರ. ಆದರೆ ಆ ತಿಂಗಳುಗಳ ಹಾಸ್ಟೆಲ್ ಬಾಡಿಗೆ, ಬ್ಯಾಂಕ್ ಬಡ್ಡಿ ನಿಮ್ಮದೇ. ಒಬ್ಬರ ಮಾತು ಸಾಲದು. ಹೊಸಬರು, ಅರ್ಧ ಮುಗಿಸಿದವರು, ಮುಗಿಸಿ ಹೊರಟವರು, ಮೂರು ಥರದವರನ್ನೂ ಕೇಳಿ.

ಶಾಲೆಯವರನ್ನು ಕೇಳಬೇಕಾದ್ದು: ಸದ್ಯ ಹಾರುವ ಸ್ಥಿತಿಯಲ್ಲಿರುವ ವಿಮಾನ ಎಷ್ಟು, ವಿದ್ಯಾರ್ಥಿಗಳು ಎಷ್ಟು, ರಾತ್ರಿ ಹಾರಲು ದೀಪದ ವ್ಯವಸ್ಥೆ ಅಲ್ಲೇ ಇದೆಯಾ, ಎರಡು ಇಂಜಿನ್ ವಿಮಾನ ಸ್ವಂತದ್ದಾ ಅಥವಾ ಮಲ್ಟಿ ಇಂಜಿನ್‌ಗೆ, ಇನ್‌ಸ್ಟ್ರುಮೆಂಟ್ ರೇಟಿಂಗ್‌ಗೆ (ಹೊರಗೆ ಕಾಣದಾಗ ಉಪಕರಣ ನೋಡಿ ಹಾರುವ ಅರ್ಹತೆಗೆ) ಬೇರೆ ಊರಿಗೆ ಕಳಿಸುತ್ತೀರಾ, 200 ಗಂಟೆಯಲ್ಲಿ ಹಾರಾಟದ ಪರೀಕ್ಷೆ ಪಾಸಾಗದಿದ್ದರೆ ಮೇಲಿನ ಗಂಟೆಗೆ ಎಷ್ಟು. ಉತ್ತರಗಳನ್ನು ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಬಾಯಿ ಮಾತು ಗಾಳಿಗೆ ಹೋಗುತ್ತದೆ.

ಹಾರದೇ ಲಾಗ್‌ಬುಕ್‌ನಲ್ಲಿ ಗಂಟೆ ಬರೆದುಕೊಡುತ್ತೇವೆ ಅನ್ನುವವರು ಸಿಕ್ಕರೆ ಅಲ್ಲಿಂದ ಎದ್ದು ಬನ್ನಿ. ಇದಕ್ಕೆ ಪಾರ್ಕರ್ ಪೆನ್ ಅವರ್ಸ್ ಅಂತ ಪೈಲಟ್‌ಗಳಲ್ಲಿ ಹಳೆಯ ತಮಾಷೆ ಹೆಸರೇ ಇದೆ. 2011ರಲ್ಲಿ ನಕಲಿ ದಾಖಲೆಗಳ ಹಗರಣ ಹೊರಬಂದಾಗ ಪೈಲಟ್‌ಗಳು ಅರೆಸ್ಟ್ ಕೂಡ ಆಗಿದ್ದರು.

ದುಡ್ಡಿನ ವಿಷಯ

ಎಜುಕೇಷನ್ ಲೋನ್ 7.5 ಲಕ್ಷ ದಾಟಿದರೆ ಬ್ಯಾಂಕ್‌ಗಳು ಸಾಮಾನ್ಯವಾಗಿ ಆಸ್ತಿ ಅಡಮಾನ ಕೇಳುತ್ತವೆ. ಇಲ್ಲಿ ನಮ್ಮ ರೈತರು ಸಿಕ್ಕಿಹಾಕಿಕೊಳ್ಳುತ್ತಾರೆ. ಐದು ಎಕರೆ ಇದೆ, ಕೋಟಿ ಬೆಲೆ ಬಾಳುತ್ತದೆ, ಪಹಣಿ ತಗೊಂಡು ಹೋದರೆ ಮ್ಯಾನೇಜರ್ ತಲೆ ಆಡಿಸುತ್ತಾರೆ. ಸಾಲ ತೀರದಿದ್ದರೆ ವಸೂಲಿಗೆ ಇರುವ ಸರ್ಫೇಸಿ ಕಾಯ್ದೆಯಲ್ಲಿ ಕೃಷಿ ಜಮೀನನ್ನು ಮುಟ್ಟಲು ಬ್ಯಾಂಕ್‌ಗೆ ಬರುವುದಿಲ್ಲ, ಅದಕ್ಕೇ ಹಿಂಜರಿಕೆ. ಡಿಸಿ ಕನ್ವರ್ಷನ್ ಆದ ಸೈಟು, ಇ-ಸ್ವತ್ತು ಇರುವ ಮನೆ ಇದ್ದರೆ ಮಾತು ಮುಂದುವರಿಯುತ್ತದೆ. ಕೆಲವರು ಜಮೀನು ಮಾರಿಯೇ ಬಿಡುತ್ತಾರೆ. ದೇವನಹಳ್ಳಿ, ಚಿಕ್ಕಬಳ್ಳಾಪುರ ಕಡೆ ಈಗಿನ ರೇಟಿಗೆ ಅದು ಸುಲಭ. ನನಗೆ ಕೇಳಿದರೆ ಬೇಡ ಅನ್ನುತ್ತೇನೆ, ಪೂರ್ತಿ ಮಾರುವುದಂತೂ ಬೇಡವೇ ಬೇಡ.

60 ಲಕ್ಷ ಸಾಲ, ಬಡ್ಡಿ 11 ಪರ್ಸೆಂಟ್, ಹತ್ತು ವರ್ಷ ಅಂದುಕೊಳ್ಳಿ. ತಿಂಗಳ ಕಂತು ಸುಮಾರು 82,600 ರೂಪಾಯಿ. ಕಲಿಯುವ ಕಾಲದಲ್ಲಿ ಕಂತು ಕಟ್ಟಬೇಕಿಲ್ಲ ಅಂದರೂ ಪೂರ್ತಿ ಸಾಲ ಕೈಗೆ ಬಂದ ಮೇಲೆ ವರ್ಷಕ್ಕೆ 6.6 ಲಕ್ಷ ಬಡ್ಡಿ ಬೆಳೆಯುತ್ತಾ ಇರುತ್ತದೆ. ಹಾಲು ಡೈರಿಗೆ ಹಾಕಿ ಬರುವ ದುಡ್ಡಿನಲ್ಲಿ ಇದು ಆಗುವ ಕೆಲಸವಲ್ಲ, ಅಲ್ವಾ?

ಫೀಸ್ ಯಾವತ್ತೂ ಒಟ್ಟಿಗೆ ಕಟ್ಟಬೇಡಿ. "ಈಗಲೇ ಪೂರ್ತಿ ಕಟ್ಟಿದರೆ ಐದು ಲಕ್ಷ ಡಿಸ್ಕೌಂಟ್" ಅನ್ನುವ ಆಸೆಗೆ ಬಿದ್ದರೆ ನಿಮ್ಮ ಹಿಡಿತ ತಪ್ಪುತ್ತದೆ. ಮೊದಲ ಸೋಲೋ (ಒಬ್ಬರೇ ಹಾರುವುದು) ಆದಾಗ ಇಷ್ಟು, 100 ಗಂಟೆಗೆ ಇಷ್ಟು ಅಂತ ಕಂತು ಮಾಡಿಸಿ, ಎಲ್ಲವೂ ಬ್ಯಾಂಕ್ ಮೂಲಕ, ರಸೀದಿ ಸಮೇತ. ಬಿಲ್‌ನಲ್ಲಿ 18 ಪರ್ಸೆಂಟ್ ಜಿಎಸ್‌ಟಿ ಕಂಡರೆ ಯಾಕೆ ಅಂತ ಕೇಳಿ. ಡಿಜಿಸಿಎ ಅನುಮತಿ ಪಡೆದ ಶಾಲೆಗಳ ಅನುಮೋದಿತ ಕೋರ್ಸ್‌ಗೆ ಜಿಎಸ್‌ಟಿ ಇಲ್ಲ ಅಂತ 2024ರಲ್ಲೇ ಕೌನ್ಸಿಲ್ ಸ್ಪಷ್ಟ ಮಾಡಿದೆ. ಎಸ್‌ಸಿ, ಎಸ್‌ಟಿ ಮಕ್ಕಳಿಗೆ ಪೈಲಟ್ ತರಬೇತಿಗೆ ನೆರವು ಇದೆಯಾ ಅಂತ ಆ ವರ್ಷದ ಆದೇಶ ನೋಡಿ ಸಮಾಜ ಕಲ್ಯಾಣ ಇಲಾಖೆಯಲ್ಲಿ ಕೇಳಿ, ಆದೇಶದ ಪ್ರತಿ ಸಿಗುವ ತನಕ ಲೆಕ್ಕಕ್ಕೆ ಹಿಡಿಯಬೇಡಿ.

ಲೈಸೆನ್ಸ್ ಬಂದ ಮೇಲಿನ ಕಾಯುವಿಕೆ

2023ರಲ್ಲಿ ಏರ್ ಇಂಡಿಯಾ 470, ಇಂಡಿಗೋ 500 ವಿಮಾನಗಳಿಗೆ ಆರ್ಡರ್ ಕೊಟ್ಟವು. ಏಜೆಂಟರು ಇದನ್ನೇ ಹೇಳುತ್ತಾರೆ. ಅದೇ ವರ್ಷ ಮೇ ತಿಂಗಳಲ್ಲಿ ಗೋ ಫಸ್ಟ್ ಏರ್‌ಲೈನ್ ನಿಂತುಹೋಯಿತು. 2019ರಲ್ಲಿ ಜೆಟ್, 2012ರಲ್ಲಿ ನಮ್ಮ ಬೆಂಗಳೂರಿನದೇ ಕಿಂಗ್‌ಫಿಶರ್. ಒಂದು ಕಂಪನಿ ಬಿದ್ದರೆ ಸಾವಿರಾರು ಗಂಟೆ ಹಾರಿದ ಪೈಲಟ್‌ಗಳು ಒಟ್ಟಿಗೆ ಕೆಲಸ ಹುಡುಕುತ್ತಾರೆ, 200 ಗಂಟೆಯವರು ಸಾಲಿನಲ್ಲಿ ಹಿಂದೆ ಹೋಗುತ್ತಾರೆ. ಬೇಡಿಕೆ ನಿಜವೇ, ಆದರೆ ಅದು ನೀವು ಪಾಸಾದ ತಿಂಗಳಲ್ಲೇ ಇರಬೇಕೆಂದೇನಿಲ್ಲ.

ಕಾಯುವ ಕಾಲವೂ ಪುಕ್ಕಟೆ ಅಲ್ಲ. ಮೆಡಿಕಲ್ ಪ್ರತಿ ವರ್ಷ, ಇನ್‌ಸ್ಟ್ರುಮೆಂಟ್ ರೇಟಿಂಗ್ ಚೆಕ್ ಪ್ರತಿ ವರ್ಷ, ಕೈ ಮರೆಯದ ಹಾಗೆ ಆಗಾಗ ಹಾರುವುದು, ಎಲ್ಲಕ್ಕೂ ದುಡ್ಡು. ಇನ್‌ಸ್ಟ್ರಕ್ಟರ್ ರೇಟಿಂಗ್ ಮಾಡಿಕೊಂಡು ಅದೇ ಶಾಲೆಯಲ್ಲಿ ಕಲಿಸಲು ಸೇರುವವರಿದ್ದಾರೆ. ಸಂಬಳ ಕಡಿಮೆ, ಆದರೆ ಗಂಟೆಗಳು ಬೇರೆಯವರ ಖರ್ಚಿನಲ್ಲಿ ಏರುತ್ತವೆ, ಥಿಯರಿ ಮರೆಯುವುದಿಲ್ಲ, ಏರ್‌ಲೈನ್ ಸಂದರ್ಶನದಲ್ಲಿ ಇದು ಕಾಣುತ್ತದೆ. ನನಗೆ ಇದು ಒಳ್ಳೆಯ ದಾರಿ ಅನ್ನಿಸುತ್ತದೆ.

ಟೈಪ್ ರೇಟಿಂಗ್ ಅಂದರೆ ಏರ್‌ಬಸ್ 320, ಬೋಯಿಂಗ್ 737, ಎಟಿಆರ್, ಹೀಗೆ ಒಂದು ನಿರ್ದಿಷ್ಟ ವಿಮಾನಕ್ಕೆ ಮಾಡುವ ತರಬೇತಿ. ಇದು ಇಲ್ಲದೆ ಏರ್‌ಲೈನ್ ಕಾಕ್‌ಪಿಟ್‌ನಲ್ಲಿ ಕೂರುವ ಹಾಗಿಲ್ಲ, ಖರ್ಚು 15 ಲಕ್ಷದ ಆಚೆ. ಕೆಲಸದ ಕರೆ ಬರುವ ಮೊದಲೇ ಮಾಡಿಟ್ಟುಕೊಂಡರೆ ಒಳ್ಳೆಯದು ಅಂತ ಟ್ರೈನಿಂಗ್ ಸೆಂಟರ್‌ನವರು ಹೇಳುತ್ತಾರೆ. 320 ಮಾಡಿಕೊಂಡ ಮೇಲೆ ಎಟಿಆರ್ ಕಂಪನಿ ಕರೆದರೆ ಮತ್ತೆ ಬೇರೆ ರೇಟಿಂಗ್ ಬೇಕು. ಕೆಲವು ಸಲ ಕಂಪನಿಗಳು ಟೈಪ್ ರೇಟಿಂಗ್ ಇರುವವರನ್ನೇ ಕರೆಯುತ್ತವೆ, ಆಗ ಮಾಡಿಸಲೇಬೇಕಾಗುತ್ತದೆ. ಹಾಗಾಗಿ ಈ 15 ಲಕ್ಷದ ಮೇಲಿನ ಮೊತ್ತವನ್ನು ಮೊದಲ ದಿನದ ಲೆಕ್ಕದಲ್ಲೇ ಬೇರೆ ಎತ್ತಿಡಿ, ಸಿಪಿಎಲ್ ಮುಗಿಯುವ ಮೊದಲು ಅದಕ್ಕೆ ಕೈ ಹಾಕಬೇಡಿ, ಯಾವ ವಿಮಾನಕ್ಕೆ ಅನ್ನುವುದನ್ನು ಲೈಸೆನ್ಸ್ ಬಂದ ದಿನ ಯಾರು ಯಾವುದಕ್ಕೆ ಜನ ತೆಗೆದುಕೊಳ್ಳುತ್ತಿದ್ದಾರೆ ನೋಡಿ ತೀರ್ಮಾನ ಮಾಡಿ.